ನಿಂತರೆ ಸಾಯುವ ಕಾರು

ಸಲಹೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ತಲೆನೋವು ಎಂದು ಬಾಯಿ ಬಿಟ್ಟರೆ ಸಾಕು, ಹಾದಿಹೋಕನೂ ವೈದ್ಯನಾಗುತ್ತಾನೆ. ಹೋಗಲಿ, ತಲೆನೋವಿಗೆ ಮದ್ದು ಹೇಳುವವನಿಗೆ ತನ್ನದೆನ್ನುವ ಒಂದು ತಲೆಯಾದರೂ ಇರುತ್ತದೆ. ಕಾರಿನ ವಿಷಯದಲ್ಲಿ ಅಷ್ಟೂ ಬೇಕಿಲ್ಲ. ಜನ್ಮದಲ್ಲಿ ಸೈಕಲ್ಲಿನ ಚೈನು ಏರಿಸಲು ಬಾರದವನೂ ಬಾನೆಟ್ಟಿನೊಳಗೆ ಮೂಗು ತೂರಿಸಿ ತೀರ್ಪು ಕೊಡುತ್ತಾನೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯನ್ನೂ ಒಂದು ಹಳೆಯ ಕಾರನ್ನೂ ಇಟ್ಟುಕೊಂಡಿದ್ದ ನನಗೆ ಇಂಥ ಪಂಡಿತರ ಕೊರತೆ ಎಂದೂ ಆಗಲಿಲ್ಲ.

ಆ ಕಾರು ನನ್ನ ಕೈಗೆ ಬರುವ ಹೊತ್ತಿಗೆ ಮೂವರು ಮಾಲೀಕರನ್ನು ಕಂಡು ಬೇಸತ್ತಿತ್ತು. ಓಡುವಾಗ ಅದರ ಬಗ್ಗೆ ಬೆರಳೆತ್ತುವಂತಿರಲಿಲ್ಲ. ನಿಂತಾಗ ಮಾತ್ರ ಈಚೆಗೆ ಬುದ್ಧಿ ಕೆಡುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದೆನೋ, ಇಂಜಿನ್ನು ಒಮ್ಮೆ ಗೊರ್ರೆಂದು ಏರಿ, ಒಮ್ಮೆ ಜೀವ ಹೋಗುವವರ ಹಾಗೆ ಇಳಿದು, ಮತ್ತೆ ಏರಿ, ಕೊನೆಗೆ ನಮ್ಮ ಹಲ್ಲುಗಳನ್ನೆಲ್ಲ ಅಲ್ಲಾಡಿಸಿ ಆರಿಹೋಗುತ್ತಿತ್ತು. ಇಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುವುದಕ್ಕೆ ಗ್ಯಾರೇಜಿನವರು ‘ಸ್ಲೋ’ ಎನ್ನುತ್ತಾರೆ. ನನ್ನ ಕಾರಿನ ಸ್ಲೋ ಕೆಟ್ಟಿತ್ತು. ಎದುರಿನ ಪಾತ್ರೆ ಅಂಗಡಿಯವರು ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದರು; ತಮ್ಮ ಹಾಲಿನವನ ಬಗ್ಗೆಯೂ ಅವರ ಅಭಿಪ್ರಾಯ ಅದೇ ಇತ್ತು. ಗ್ಯಾರೇಜಿನ ಉಸ್ತಾದ “ಪ್ಲಗ್ ಕಾ ಕಾಮ್ ಹೈ, ಸೇಠ್” ಎಂದು ನಾಲ್ಕೂ ಪ್ಲಗ್ಗು ಬದಲಾಯಿಸಿದ. ಮುಂದಿನ ವಾರ “ಪಾಯಿಂಟ್ ಕಾ ಕಾಮ್ ಹೈ” ಎಂದ. ಮೂರನೆಯ ವಾರ ಕಾರ್ಬೊರೇಟರ್ ಬಿಚ್ಚುತ್ತೇನೆ ಎಂದು ಬಂದಾಗ ನಾನು ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡೆ. ಕಾರ್ಬೊರೇಟರನ್ನು ಅದಕ್ಕೂ ಮೊದಲು ಒಂದು ಭಾನುವಾರ ಕೂತು ಸ್ವತಃ ನಾನೇ ಬಿಚ್ಚಿ, ತೊಳೆದು, ಕೂಡಿಸಿದ್ದೆ. ಇಂಗ್ಲಿಷ್ ಪುಸ್ತಕ ನೋಡಿ ಮಾಡಿದ ಕೆಲಸವನ್ನು ಹೆಬ್ಬೆಟ್ಟಿನವನು ಬಂದು ಪರೀಕ್ಷೆ ಮಾಡುವುದೆಂದರೇನು! ಮನೆಯವಳು ಒಂದೇ ಮಾತು ಹೇಳಿದಳು: “ಒಂದು ಎತ್ತಿನ ಬಂಡಿ ತಗೊಳ್ರಿ. ನಿಲ್ಲು ಅಂದ್ರ ಎತ್ತು ಸಾಯೂದಿಲ್ಲ, ನಿಲ್ತಾವ.”

ಇಂಥ ಸ್ಥಿತಿಯಲ್ಲಿ ವಾಗದರಿಯ ನಮ್ಮ ಮಾವನವರ ಕಣ್ಣಿನ ಆಪರೇಷನ್ ಬಂತು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವನು ಅಳಿಯನೋ ಆಳೋ ತಿಳಿಯದಷ್ಟಾಗಿತ್ತು. ಆದರೂ ಆಪರೇಷನ್ ಎಂದರೆ ಅಂಜಿ ಎರಡು ವರ್ಷ ಮುಂದೂಡಿದ್ದರು. ಈಗ ಹೇಗೋ ಒಪ್ಪಿದ್ದರು. ಸೊಲ್ಲಾಪುರದ ಡಾಕ್ಟರು ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳಿದ್ದರು. ನಾನು ಹಿಂದಿನ ದಿನವೇ ವಾಗದರಿಗೆ ಹೋಗಿದ್ದೆ.

ಜೊತೆಗೆ ಹೊರಟವನು ಅವರ ಮಗ, ನನ್ನ ಹೆಂಡತಿಯ ತಮ್ಮ ಸಿದ್ರಾಮ. ಇವನ ವಿಷಯ ಏನು ಹೇಳಲಿ. ಕಪ್ಪು ಮಣ್ಣಿನ ಒಳ್ಳೆಯ ಹೊಲವಿದ್ದರೂ ಅದನ್ನು ಬೇರೆಯವರಿಗೆ ಮಾಡಲು ಕೊಟ್ಟು, ತಾನು ಸುತ್ತಲಿನ ಊರುಗಳ ಭಜನೆಯವರ ಹಾರ್ಮೋನಿಯಂ ರಿಪೇರಿ ಮಾಡುತ್ತ ಕೂತಿರುತ್ತಿದ್ದ. ಅವನ ಬಾಯಲ್ಲಿ ಅದು ಪೇಟಿ. ಗಂಡಸಾದವನು ಮಾಡುವ ಉದ್ಯೋಗವೇ ಅದು? ಆವತ್ತೂ ಕಾರಿನ ಮುಂದಿನ ಸೀಟಿಗೆ ಒಂದು ಪೇಟಿ ಮತ್ತು ಉಪಕರಣದ ಚೀಲ ಹಿಡಿದುಕೊಂಡು ಬಂದ. “ಸೊಲ್ಲಾಪುರದಾಗ ಒಬ್ಬರಿಗೆ ಮುಟ್ಟಸೂದೈತ್ರಿ, ದಾಜಿ” ಎಂದ. ಅಕ್ಕನ ಗಂಡ ಎಂಬ ಗೌರವದಿಂದ ನನ್ನನ್ನು ದಾಜಿ ಎನ್ನುತ್ತಿದ್ದ. ಕಾರಿಗೇ ಉಬ್ಬಸ ಹತ್ತಿರುವಾಗ ಇನ್ನೊಂದು ಉಬ್ಬಸದ ಪೆಟ್ಟಿಗೆ ಯಾಕೆ ಎಂದು ನಾನು ಗೊಣಗಿದೆ.

ಅಕ್ಕಲಕೋಟೆಯ ಪೇಟೆಯಲ್ಲಿ ಎಮ್ಮೆಗಳು ಅಡ್ಡ ಬಂದು ಕಾರು ಒಮ್ಮೆ ಸತ್ತಿತು. ಬದುಕಿಸಿ ಮುಂದೆ ಹೊರಟಾಗ ಸಿದ್ರಾಮ ಮೆಲ್ಲಗೆ ಹೇಳಿದ: “ದಾಜಿ, ಒಳಗ ಎಲ್ಲ್ಯೋ ಗಾಳಿ ಸೋರಾಕತ್ತದರಿ. ಸುಂಯ್ ಅಂತ ಕೇಳಸ್ತದ.”

“ಇದು ಪೇಟಿ ಅಲ್ಲಪಾ, ಇಂಜಿನ್.”

“ಗಾಳಿಗೇನ್ ಗೊತ್ತರಿ ಅದು?” ಎಂದ.

ನಾನು ಹಾರ್ನ್ ಹೊಡೆದೆ. ದಾರಿಯಲ್ಲಿ ಯಾರೂ ಇರಲಿಲ್ಲ.

ಸೊಲ್ಲಾಪುರ ಇನ್ನೂ ದೂರವಿರುವಾಗಲೇ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಣಿಸಿಕೊಂಡು ಹೋಗುವಷ್ಟರಲ್ಲಿ ನಮ್ಮ ಕಾರು ನಾಲ್ಕು ಸಲ ಸತ್ತು ಎದ್ದು, ಐದನೆಯ ಸಲ ಎದ್ದೇಳಲು ಒಪ್ಪಲಿಲ್ಲ. ಗೇಟು ತೆರೆಯಿತು. ಹಿಂದಿದ್ದ ಎಸ್.ಟಿ. ಬಸ್ಸಿನ ಕಂಡಕ್ಟರ್ “ಓ ಶೇಠ್, ಗಾಡೀ ಬಾಜೂಲಾ ಘ್ಯಾ!” ಎಂದು ಕೂಗಿದ. ಪ್ರಯಾಣಿಕರೇ ಇಳಿದು ನಮ್ಮನ್ನು ರಸ್ತೆಯ ಬದಿಗೆ ತಳ್ಳಿದರು. ತಳ್ಳುತ್ತ ತಳ್ಳುತ್ತ ಮೂವರು ಸಲಹೆಯನ್ನೂ ಕೊಟ್ಟರು. ಬಸ್ಸು ಕಿಕ್ಕಿರಿದಿತ್ತು, ನಮ್ಮನ್ನು ಹತ್ತಿಸಿಕೊಳ್ಳದೆ ಹೋಯಿತು.

ಹಿಂದಿನ ಸೀಟಿನಲ್ಲಿ ಮಾವನವರು ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. “ಅಳಿಯಾರ, ಒಮ್ಮಿ ಧೈರ್ಯ ಮಾಡಿ ಹೊಂಟೀನಿ. ಇವತ್ತ ಹೊಳ್ಳಿ ಮನಿಗಿ ಹ್ವಾದ್ರ ಮತ್ತ ನನ್ನ ಕೈಲೆ ಬರೂದಾಗೂದಿಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಬಾನೆಟ್ಟು ಎತ್ತಿ, ಪುಸ್ತಕದಲ್ಲಿದ್ದ ಚಿತ್ರವನ್ನು ನೆನಪಿಸಿಕೊಳ್ಳುತ್ತ ನಿಂತೆ. ಸಿದ್ರಾಮ ಅಪ್ಪಣೆ ಕೇಳಲಿಲ್ಲ. ಹೆಗಲ ಮೇಲಿನ ಟಾವೆಲನ್ನು ಕುಡಿಯುವ ನೀರಿನಲ್ಲಿ ಅದ್ದಿ ಹಿಂಡಿದ. “ಚಾಲೂ ಮಾಡ್ರಿ ದಾಜಿ. ಕಾಲ ಒತ್ತೇ ಹಿಡೀರಿ” ಎಂದ. ಇಂಜಿನ್ನು ಹೇಗೋ ಎದ್ದಿತು. ಅವನು ಕಿವಿಗೊಟ್ಟು ಬಗ್ಗಿ, ಒದ್ದೆ ಬಟ್ಟೆಯನ್ನು ಕಾರ್ಬೊರೇಟರಿನ ಬುಡಕ್ಕೆ ಸುತ್ತಿ ಒತ್ತಿದ. “ಈಗ ಕಾಲ ತೆಗೀರಿ.”

ತೆಗೆದೆ. ಇಂಜಿನ್ನು ಸಾಯಲಿಲ್ಲ. ಹೊಟ್ಟೆ ತುಂಬಿ ಮಲಗಿದ ಕೂಸಿನ ಉಸಿರಿನ ಹಾಗೆ ಒಂದೇ ಸಮನೆ ಓಡಿತು. ಬಟ್ಟೆ ತೆಗೆದ, ಹಳೆಯ ಸಂಕಟ ಶುರುವಾಯಿತು. ಒತ್ತಿದ, ಸಂಕಟ ನಿಂತಿತು. ಮೂರು ಸಲ ತೋರಿಸಿದ. ಏನಾದರೂ ತಪ್ಪು ಸಿಕ್ಕೀತೆಂದು ನಾನು ನಾಲ್ಕನೆಯ ಸಲವೂ ಮಾಡಿಸಿದೆ. ಸಿಗಲಿಲ್ಲ.

ಇಂಜಿನ್ನು ಆರಿಸಿ, ತಣ್ಣಗಾಗುವವರೆಗೆ ಕಾದು ಕಾರ್ಬೊರೇಟರ್ ಬಿಚ್ಚಿದೆವು. ಅದರ ಬುಡದಲ್ಲಿ ಗಾಳಿ ಒಳನುಗ್ಗದಂತೆ ತಡೆಯುವ ಒಂದು ಪ್ಯಾಕಿಂಗು ಇರುತ್ತದೆ. ಆ ಭಾನುವಾರ ಬಿಚ್ಚುವಾಗ ಅದು ನನ್ನ ಕೈಯಲ್ಲಿ ಹರಿದಿತ್ತು. ಅಂಗಡಿಗಳು ಮುಚ್ಚಿದ್ದವು. ಮನೆಯಲ್ಲಿ ಸಿಕ್ಕ ದಪ್ಪ ಕಾಗದವೊಂದನ್ನು ಕತ್ತರಿಸಿ ಕೂಡಿಸಿಬಿಟ್ಟಿದ್ದೆ. ಇದನ್ನು ಓದುಗರಿಗೆ ಮೊದಲೇ ಹೇಳಬೇಕಿತ್ತು. ಏನು ಮಾಡಲಿ, ಉಸ್ತಾದನಿಗೂ ಹೇಳಿರಲಿಲ್ಲ. ಸಿದ್ರಾಮ ಆ ಕಾಗದವನ್ನು ಉಗುರಿನಿಂದ ಎಬ್ಬಿಸಿದ. ಒಂದು ಅಂಚು ಸುಟ್ಟು ಮುರುಟಿತ್ತು. ಇನ್ನೊಂದು ಅಂಚಿನಲ್ಲಿ ಅರಿಸಿನದ ಕಲೆ, ಅದರ ಪಕ್ಕ ಕೆಂಪಕ್ಷರದಲ್ಲಿ ‘ಚಿ. ಸಿದ್ರಾ’ ಎಂಬಷ್ಟು ಉಳಿದಿತ್ತು.

ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. “ದಾಜಿ, ಇದು ನನ್ನ ಲಗ್ನದ ಪತ್ರಿಕಿ” ಎಂದ, ದನಿ ತಗ್ಗಿಸಿ.

ನಾನು ಪಾನಾದ ಎಣ್ಣೆ ಒರೆಸತೊಡಗಿದೆ. ಹಿಂದಿನಿಂದ ಮಾವನವರು ಕೇಳಿದರು: “ಏನ್ ಸಿಕ್ಕಿತೋ, ಸಿದ್ರಾಮಾ?”

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. “ಏನಿಲ್ಲಪ್ಪಾ, ಹಳೀ ಕಾಗದ. ಹಿಂದಿನ ಮಾಲಕ ಯಾವನೋ ಹಾಕ್ಯಾನ.”

“ಎಂಥಾ ಮೂರ್ಖ ಇದ್ದಾನ!” ಎಂದರು ಮಾವನವರು.

“ಹೌದ್ರಿ ಮಾವಾರ” ಎಂದೆ ನಾನು. ಆ ದಿನ ನಾನಾಡಿದ ಸತ್ಯ ಅದೊಂದೇ.

ಸಿದ್ರಾಮ ಚೀಲದಿಂದ ಪೇಟಿಯ ತಿದಿಗೆ ಹಚ್ಚುವ ಮೆತ್ತನೆಯ ಚರ್ಮ ತೆಗೆದು, ಅಳತೆ ಹಿಡಿದು, ಬ್ಲೇಡಿನಿಂದ ಕೊರೆದು ಕೂಡಿಸಿದ. ಇಂಜಿನ್ನಿಗೆ ಚರ್ಮ ನಡೆಯುವುದಿಲ್ಲ ಎಂದು ಇಂಗ್ಲಿಷ್ ಪುಸ್ತಕದಲ್ಲಿ ಇದ್ದೀತು. ಕಾರು ಅದನ್ನು ಓದಿರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತೆವು. ಮಾವನವರು ಇಳಿಯುವವರೆಗೂ ಇಂಜಿನ್ನು ಓಡುತ್ತಲೇ ಇತ್ತು. ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ಮಗನನ್ನು, ಆಮೇಲೆ ನನ್ನನ್ನು ನೋಡಿ, “ಅಳಿಯಾರ, ಭಾಳ ಸಣ್ಣಾಗೀರಿ” ಎಂದರು. ನಾನು ಸಣ್ಣವನಾಗಿದ್ದು ನಿಜವೇ.

ಕಾರು ಸರಿಹೋದ ಸುದ್ದಿ ನವಿ ಪೇಠದಲ್ಲಿ ಹಬ್ಬಿತು. ಪಾತ್ರೆ ಅಂಗಡಿಯವರು ಬಂದು, “ಕಡೀಕ ದೋಷ ಹುಡುಕಿದವ್ರು ಯಾರ್ರಿ?” ಎಂದು ಕೇಳಿದರು. ನಾನು ಅಂಗಡಿಯ ಹಣದ ಗಲ್ಲೆಯ ಮುಂದೆ ನೆಟ್ಟಗೆ ಕೂತು, “ನಾವೇ ಹುಡುಕಿದಿವ್ರಿ” ಎಂದೆ. ಸಿದ್ರಾಮನಿಗೆ ಸಲ್ಲಬೇಕಾದ್ದನ್ನು ನಾನು ನುಂಗಿಹಾಕಿದೆನೆಂದು ಯಾರೂ ತಿಳಿಯಬಾರದು. ಬಹುವಚನದಲ್ಲಿ ಅವನೂ ಸೇರಿದ್ದಾನೆ.