ಮುಕ್ಕಾಲು ಮನೆಯ ಮಹಾರಾಣಿ

ವರ್ಷಕ್ಕೊಂದೇ ತಿಂಗಳು ಮಲಗುವ ಮನೆಗಾಗಿ ಉಳಿದ ಹನ್ನೊಂದು ತಿಂಗಳು ಹೊಟ್ಟೆ ಉರಿಸಿಕೊಳ್ಳುವವರು ಯಾರಾದರೂ ಇದ್ದರೆ ಅದು ಗಲ್ಫಿನ ನಾವೇ. ಮಂಗಳೂರಿನ ಫ್ಲ್ಯಾಟಿನಲ್ಲಿ ನನ್ನ ಗಂಡ ಎಲ್ರಾಯ್‌ಗೆ ಕಾಲು ಪಾಲು, ಅವನ ಅಕ್ಕ ಕಾರ್ಮೆಲಿನ್‌ಗೆ ಮುಕ್ಕಾಲು. ಹಾಗಾಗಿ ಜುಲೈ ರಜೆಯಲ್ಲಿ ಬಾಲ್ಕನಿಯ ದೊಡ್ಡ ಕೋಣೆ ಸೌದಿಯ ಜುಬೈಲಿನಿಂದ ಬರುವ ಅತ್ತಿಗೆಗೆ. ಅಲ್ಲೇ ಹತ್ತಿರದ ಅಲ್ ಖೋಬರಿನಿಂದ ಹೋಗುವ ನಮಗೆ ಅಡುಗೆಮನೆ ಪಕ್ಕದ ಗೂಡು. ಕಳೆದ ವರ್ಷ ನಾಲ್ಕು ವರ್ಷದ ಮಗ ಡಿಯಾನ್ ಇಸ್ತ್ರಿ ಮೇಜಿನಡಿ ಮಲಗಿ ಕೇಳಿದ: "ಅಮ್ಮಾ, ಇದು ನಮ್ಮ ಮನೆಯಾ, ಆಂಟಿಯ ಮನೆಯಾ?"

ಆ ಪ್ರಶ್ನೆಗೆ ನನ್ನ ಡೈರಿಯ ಒಂದು ಪುಟವೇ ಒದ್ದೆಯಾಯಿತು. (ಅತ್ತದ್ದು ಐದು ನಿಮಿಷ. ಆರನೆಯ ನಿಮಿಷಕ್ಕೆ ಉಪಾಯ ಹೊಳೆಯಿತು.) ಅತ್ತಿಗೆಯಿಂದ ಅರ್ಧ ಪಾಲು ಕೊಂಡುಬಿಟ್ಟರೆ ಮುಕ್ಕಾಲು ನಮ್ಮದು!

"ಎಂತ ಮಾರಾಯ್ತಿ, ಅಕ್ಕ ಒಪ್ಪುವುದುಂಟಾ? ಅವಳ ಪೆನ್ಸಿಲ್ ಮುಟ್ಟಿದ್ದಕ್ಕೆ ನನ್ನನ್ನು ಊರಿಡೀ ಓಡಿಸಿದವಳು," ಎಂದ ಎಲ್ರಾಯ್.

"ನೀನು ಬಾಯಿ ಬಿಡಬೇಡ. ನಾನು ಹೊಟ್ಟೆ ತುಂಬಿಸಿಯೇ ಕೇಳ್ತೇನೆ."

ಅತ್ತಿಗೆಯನ್ನು ಶುಕ್ರವಾರ ಊಟಕ್ಕೆ ಕರೆದೆ. ಅಂಜಲ್ ಮೀನಿನ ಫ್ರೈ, ಇಡ್ಲಿಯಂಥ ಸಣ್ಣ, ಕೋಳಿ ಸುಕ್ಕ. ನಲವತ್ತು ನಿಮಿಷದ ಭಾಷಣವನ್ನೂ ಸಿದ್ಧಪಡಿಸಿದ್ದೆ. ಮೊದಲ ವಾಕ್ಯಕ್ಕೇ ಅತ್ತಿಗೆ ಕೈ ತೊಳೆದು ಬಂದು, "ಅರ್ಧ ಪಾಲಾ? ತಕೋ ವೆನಿಸ್ಸಾ. ನಿನ್ನದಲ್ಲದೆ ಇನ್ಯಾರದ್ದು?" ಎಂದರು.

"ಏನೋ ಉಂಟು," ಎಂದು ಎಲ್ರಾಯ್ ಪಿಸುಗುಟ್ಟಿದ.

"ಏನೂ ಇಲ್ಲ. ನನ್ನ ಅಂಜಲ್ ಫ್ರೈಯ ಮಹಿಮೆ," ಎಂದೆ.

ನಮ್ಮ ಉಳಿತಾಯವೆಲ್ಲ, ಎಲ್ರಾಯ್‌ನ ಬೋನಸ್, ನನ್ನ ಎರಡು ಬಳೆ ಹೋದವು. ತಿಂಗಳೊಳಗೆ ನಮ್ಮ ಪರವಾಗಿ ಊರಿನಲ್ಲಿ ನನ್ನ ಅಪ್ಪ ಸಹಿ ಹಾಕಿದರು. ನೋಂದಣಿಯಾದ ಮರುದಿನ, ಇನ್ನೊಂದು ಶುಕ್ರವಾರ, ಎಲ್ಲರೂ ನಮ್ಮಲ್ಲಿ ಬಿರಿಯಾನಿಗೆ ಕುಳಿತಿದ್ದಾಗ ನಾನು ಪಟ್ಟಾಭಿಷಿಕ್ತಳಂತೆ ಘೋಷಿಸಿದೆ: "ಇನ್ನು ದೊಡ್ಡ ಕೋಣೆ ನಮ್ಮದು. ಡಿಯಾನ್‌ಗೆ ಕಿಟಕಿ ಪಕ್ಕ ಸ್ವಂತ ಮಂಚ. ಪರದೆ ಹಳದಿ!"

"ಧಾರಾಳವಾಗಿ," ಎಂದರು ಅತ್ತಿಗೆ. "ಹಾಂ, ನಿನ್ನ ನಂಬರನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದೇನೆ. ಯಾರ ಪಾಲು ಹೆಚ್ಚೋ ಸಂಘದಲ್ಲಿ ಅವರ ಹೆಸರು, ಅದು ನಿಯಮ. ಈ ವರ್ಷ ಸೆಕ್ರೆಟರಿ ಸರದಿ ನಮ್ಮ ಫ್ಲ್ಯಾಟಿನದ್ದು. ನೋಟಿಸ್ ಬಂದು ಎರಡು ತಿಂಗಳಾಯ್ತು."

ಎರಡು ತಿಂಗಳು! ಅಂದರೆ ಅಂಜಲ್ ಫ್ರೈಗಿಂತ ಮೊದಲೇ.

ನನ್ನ ಫೋನ್ ಗುಣುಗುಟ್ಟಿತು. "ಹೊಸ ಸೆಕ್ರೆಟರಿ ಮೇಡಮ್‌ಗೆ ಸ್ವಾಗತ. ಲಿಫ್ಟ್ ನಿಂತಿದೆ. ಒಳಗೆ ಝಕರಿಯಾ ಅಂಕಲ್ ಇದ್ದಾರೆ."

ಗ್ರೂಪಿನಲ್ಲಿ ನಂಬರ್ ಹುಡುಕಿ ಅಂಕಲ್‌ಗೇ ಫೋನ್ ಮಾಡಿದೆ. "ಹೆದರಬೇಡಿ ಅಂಕಲ್, ನಾನು ಸೆಕ್ರೆಟರಿ."

"ದೇವರು ದೊಡ್ಡವನು! ಎಲ್ಲಿದ್ದೀ ಮಗಳೇ?"

"ಅಲ್ ಖೋಬರಿನಲ್ಲಿ."

ಅಂಕಲ್ ಲಿಫ್ಟಿನ ನೆಲದ ಮೇಲೆ ಕುಳಿತ ಸದ್ದು ಕೇಳಿತು. "ಹಾಗಾದರೆ ನಿಧಾನಕ್ಕೆ ಬಾ."

ನಾನು ಬಿಡುತ್ತೇನೆಯೇ? ಮೆಕ್ಯಾನಿಕ್‌ನನ್ನು ಹುಡುಕಿ, ಬೈದು, ಹೊಗಳಿ, ಇಪ್ಪತ್ತೈದೇ ನಿಮಿಷದಲ್ಲಿ ಅಂಕಲ್‌ರನ್ನು ಹೊರಗೆಳೆಸಿದೆ. ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಇಷ್ಟು ವರ್ಷದಲ್ಲಿ ಇಂಥ ಸೆಕ್ರೆಟರಿ ಬಂದಿಲ್ಲ!"

ವಿಜಯೋತ್ಸಾಹದಿಂದ ತಿರುಗಿದರೆ ನನ್ನ ತಟ್ಟೆಯ ಬಿರಿಯಾನಿ ತಣ್ಣಗಾಗಿತ್ತು. ಕಾಲು ಪಾಲಿನ ಅತ್ತಿಗೆ ಫೋನ್ ಆಫ್ ಮಾಡಿ ನನ್ನ ಸೋಫಾದ ಮೇಲೆ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

"ಯಲ್ಲಾ, ನಡೀರಿ ಮೇಡಮ್," ಎಂದು ಎಲ್ರಾಯ್ ನಕ್ಕು ನನ್ನ ಫೋನನ್ನು ಚಾರ್ಜಿಗೆ ಹಾಕಿದ. "ಮೂರನೇ ಮಹಡಿಯಲ್ಲಿ ನೀರಿಲ್ಲವಂತೆ."