ಮಾವನಿಗಿಂತ ಮೊದಲು ಸಂಡೂರು ತಲುಪಿದ ಕಂಪ್ಯೂಟರು

ನಮ್ಮ ಸೋದರಮಾವ ಒಂದು ಮಧ್ಯಾಹ್ನದ ಮಟ್ಟಿಗೆ ಆಫೀಸು ಬಿಟ್ಟು ಕದಲಿದರೆ ಸಂಡೂರಿನ ಗುಡ್ಡಗಳೆಲ್ಲ ಜಾರಿ ರಸ್ತೆಗೆ ಬೀಳುತ್ತವೆ. ಇದು ಭೂಗರ್ಭಶಾಸ್ತ್ರಜ್ಞರ ಅಭಿಪ್ರಾಯವಲ್ಲ, ಸ್ವತಃ ಮಾವನದು.

ಅವರು ಹೊಸಪೇಟೆಯಲ್ಲಿ ಅದಿರು ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸೊಂದರ ಹಿರಿಯ ಗುಮಾಸ್ತರು. ಯಾವ ಲಾರಿ ಬಂತು, ತುಂಬಿ ಬಂತೋ ಖಾಲಿ ಬಂತೋ, ಟಾರ್ಪಾಲು ಹಾಕಿದೆಯೋ ಇಲ್ಲವೋ ಎಂದು ಕಂಪ್ಯೂಟರಿಗೆ ಹೊಡೆಯುವುದು ಅವರ ಕೆಲಸ. ಈ ಕೆಲಸದಲ್ಲಿ ಅವರದು ಒಂದೇ ವ್ರತ: ಕಣ್ಣಾರೆ ಕಾಣದ ಲಾರಿಯನ್ನು ಬಂತೆಂದು ಬರೆಯುವುದಿಲ್ಲ. ಧಣಿಯೇ ಫೋನು ಮಾಡಿ "ಗಾಡಿ ಗೇಟಿಗೆ ಬಂದೈತಿ, ಬರ್ಕೋರಿ" ಎಂದರೂ ಅಷ್ಟೇ. ಚಪ್ಪಲಿ ಮೆಟ್ಟಿ ಗೇಟಿಗೆ ಹೋಗಿ, ಲಾರಿಯನ್ನು ಮೂತಿಯಿಂದ ಬಾಲದವರೆಗೆ ನೋಡಿ, ವಾಪಸು ಬಂದು, ಬೆವರು ಒರೆಸಿಕೊಂಡು, ಆಮೇಲೆ ಬರೆಯುತ್ತಾರೆ. ಸತ್ಯಕ್ಕೆ ಇಂಥ ಕಾವಲುಗಾರ ಬೇರೆ ಯಾವ ಇಲಾಖೆಯಲ್ಲಿದ್ದಾನೆ ಹೇಳಿ!

ಮಾವನಿಗೊಂದು ಹಳೆಯ ಕಂಪ್ಯೂಟರಿತ್ತು. ಇತ್ತು ಎಂದರೆ ಎಂಥ ಇರವು! ಅತ್ತೆಯ ಹಳೇ ಇಳಕಲ್ ಸೀರೆಯಲ್ಲಿ ಹೊಲಿಸಿದ ಗವಸು ಹೊದ್ದು, ನೆತ್ತಿಯ ಮೇಲೆ ನಿಂಬೆಹಣ್ಣು ಧರಿಸಿ ಪೀಠಾಧಿಪತಿಯ ಗತ್ತಿನಲ್ಲಿ ವಿರಾಜಮಾನವಾಗಿತ್ತು. ವರ್ಷಕ್ಕೊಮ್ಮೆ ಅದರ ಡಬ್ಬಿ ಬಿಚ್ಚಿ ಕೊಡವಿದರೆ ಮೊರದ ತುಂಬ ಕೆಂಪು ಅದಿರಿನ ಧೂಳು. "ಇದನ್ನ ಹೊರಗ ಒಯ್ಯಾಕ ಪರ್ಮಿಟ್ ಬೇಕಾಗತೈತ್ರಿ" ಎಂದು ಡ್ರೈವರುಗಳು ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ. ಸಂಜೆ ಅದನ್ನು ಆರಿಸಿ, ಪರದೆ ಪೂರ್ತಿ ಕಪ್ಪಾಗುವವರೆಗೆ ಎದುರು ನಿಂತು, ಮನೆಗೆ ಬಂದು "ಮಲಗಿಸಿ ಬಂದೆ" ಎನ್ನುತ್ತಿದ್ದರು. ನನ್ನ ಮದುವೆಗೂ ಬಂದಿದ್ದರು ಪಾಪ. ಅಕ್ಷತೆ ಹಾಕಿದ ಕೈಯಲ್ಲೇ ಬಸ್ಸಿನ ಕಂಬಿ ಹಿಡಿದರು. ಊಟ ಮಾಡಿ ಹೋಗಿ ಎಂದರೆ, "ಅಲ್ಲಿ ಅದೊಂದ ಐತ್ರಿ" ಎಂದರಂತೆ. ಹೆಣ್ಣಿನ ಕಡೆಯವರು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಬಹಳ ಮರುಗಿದರು!

ಇಂಥವರನ್ನು ಕಟ್ಟಿಕೊಂಡ ನಮ್ಮ ಅತ್ತೆಗೆ ಇದ್ದದ್ದು ಒಂದೇ ಆಸೆ. ಬಂಗಾರವಲ್ಲ, ಕಾಶಿಯಲ್ಲ, ಕರಡಿ! ಹತ್ತಿರದ ದರೋಜಿ ಕರಡಿಧಾಮದಲ್ಲಿ ಅರಣ್ಯ ಇಲಾಖೆಯವರು ಮಧ್ಯಾಹ್ನ ಬಂಡೆಗೆ ಬೆಲ್ಲ, ಜೇನು ಸವರಿ ಹೋಗುತ್ತಾರೆ. ಬಿಸಿಲು ಇಳಿದಂತೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ಕುತ್ತವೆ. ಹಂಪಿಗೆ ಬಂದ ಪರದೇಶದವರೆಲ್ಲ ಹೋಗಿ ನೋಡಿ ಬಂದಿದ್ದಾರೆ. ಹೊಸಪೇಟೆಯಲ್ಲೇ ಹುಟ್ಟಿ ಬೆಳೆದ ಅತ್ತೆ ಮಾತ್ರ ನೋಡಿಲ್ಲ.

"ಬರೋ ವರ್ಷ ಹೋದ್ರಾತು. ಕರಡಿ ಎಲ್ಲಿ ಹೋಗ್ತಾವು? ಅವಕ್ಕೇನು ವರ್ಗ ಆಗತೈತೇನು?" ಇದು ಮಾವನ ವಾರ್ಷಿಕ ಉತ್ತರ.

"ಕರಡಿ ಇರ್ತಾವ್ರೀ. ನನ್ನ ಕಣ್ಣು ಇರ್ತಾವೇನು?" ಎಂದರು ಅತ್ತೆ ಒಂದು ವರ್ಷ.

ಆಗಷ್ಟೇ ಕಣ್ಣಿನ ಡಾಕ್ಟರು, ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಹನಿ ಬರೆದುಕೊಟ್ಟಿದ್ದರು. ನಾನು ಕರೆದೊಯ್ಯುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. "ಬ್ಯಾಡಪ್ಪ, ಅವರ ಜೋಡೀನ ನೋಡ್ತೀನಿ" ಎಂದು ಹಟ ಹಿಡಿದರು. ಹಟದಲ್ಲಿ ದಂಪತಿಗಳು ಸರಿಸಮಾನರು.

ಅಷ್ಟರಲ್ಲಿ ಧಣಿಗೆ ಆಧುನಿಕತೆ ಹತ್ತಿಕೊಂಡಿತು. ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಆಫೀಸಿನ ಹಳೇ ಕಂಪ್ಯೂಟರುಗಳನ್ನು ತೆಗೆಸಿ ಕ್ಲೌಡಿನಲ್ಲಿರುವ ವರ್ಚುವಲ್ ಡೆಸ್ಕ್‌ಟಾಪ್ ಹಾಕಿಸಿದರು. ಗೇಟಿನ ಕ್ಯಾಮೆರಾ ಕೂಡ ಅದರೊಳಗೇ ಕಾಣುವ ಏರ್ಪಾಡು. ಮಾವನ ಮೇಜಿನ ಮೇಲೆ ಪರದೆಯ ಪಕ್ಕ ಉಳಿದದ್ದು ಸೋಪಿನ ಪೆಟ್ಟಿಗೆಯಂಥ ಒಂದು ಡಬ್ಬಿ.

"ನನ್ನ ಕಂಪ್ಯೂಟರ್ ಎಲ್ಲವ್ವಾ?" ಎಂದು ಜೋಡಿಸಲು ಬಂದ ಇಂಜಿನಿಯರ್ ಹೆಣ್ಣುಮಗಳನ್ನು ಮಾವ ಕೇಳಿದರು.

"ಇದು ಬರೇ ಕಿಟಕಿ ಇದ್ದಂಗ ಸರ್. ನಿಮ್ಮ ಕಂಪ್ಯೂಟರ್ ಕ್ಲೌಡಿನಾಗ ಐತಿ. ದೂರ ಒಂದು ದೊಡ್ಡ ಕಟ್ಟಡ ಇರತೈತ್ರಿ, ಅಲ್ಲಿ."

"ಯಾವ ಊರು?"

"ಅದು ನಮಗೂ ಗೊತ್ತಾಗಂಗಿಲ್ರಿ."

"ವಿಳಾಸ ಇಲ್ಲದ ಊರಿಗೆ ನಾನು ಖಾಲಿ ಲಾರೀನೂ ಕಳಿಸಂಗಿಲ್ಲ," ಎಂದು ಮಾವ ಕೈಕಟ್ಟಿ ಕುಳಿತರು.

ಆಯುಧಪೂಜೆ ಬಂದಾಗ ಸಂಕಟ ಶಿಖರಕ್ಕೇರಿತು. ಲಾರಿಗಳಿಗೆ ಬಾಳೆಕಂಬ, ಕುಂಬಳಕಾಯಿ ಆಯಿತು. ಕಂಪ್ಯೂಟರಿಗೆ ಕುಂಕುಮ ಎಲ್ಲಿಗೆ ಹಚ್ಚುವುದು? ಕಿಟಕಿಗೆ ಪೂಜೆ ಮಾಡಿದರೆ ಒಳಗಿನ ದೇವರಿಗೆ ಮುಟ್ಟೀತೇ? ಮಾವ ಸಹಾಯವಾಣಿಗೆ ಫೋನು ಹಚ್ಚಿದರು. "ಅಲ್ಲಿ ನನ್ನ ಕಂಪ್ಯೂಟರ್ ಯಾವುದು ಅಂತ ನೋಡಿ, ಚೂರು ಕುಂಕುಮ ಹಚ್ಚಿಬಿಡ್ರಿ. ಕಾಯಿ ನಾವ ಇಲ್ಲಿ ಒಡೀತೀವಿ." ಆ ಕಡೆಯವರು ಗಂಭೀರವಾಗಿ ದೂರು ದಾಖಲಿಸಿಕೊಂಡರು. ನಿಮ್ಮ ಸಮಸ್ಯೆ ಪರಿಶೀಲನೆಯಲ್ಲಿದೆ ಎಂದು ದೀಪಾವಳಿವರೆಗೂ ಸಂದೇಶ ಬರುತ್ತಿತ್ತು!

"ಸಂಡೂರಿಗೆ ಹೋಗಿ ಕುಂತ್ರೂ ನಿಮ್ಮ ಡೆಸ್ಕ್‌ಟಾಪೇ ತೆರೀತೈತ್ರಿ" ಎಂದು ಆ ಹೆಣ್ಣುಮಗಳು ಹೇಳಿ ಹೋಗಿದ್ದಳು. ಮಾವ ನಂಬುವರೇ? ಒಂದು ದಿನ ಲಾರಿ ನಂಬರನ್ನು ಬೇಕೆಂದೇ ಅರ್ಧ ಹೊಡೆದು, ಹಾಗೇ ಬಿಟ್ಟು, ಯಾರಿಗೂ ಹೇಳದೆ ಸಂಡೂರಿನ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸಂಡೂರಿನ ಆಫೀಸಿನಲ್ಲಿ ಗುಪ್ತಪದ ಒತ್ತಿದರೆ ಏನು ನೋಡುವುದು! ಅದೇ ಅರ್ಧ ನಂಬರು, ಅದರ ಮುಂದೆ ಮಿಣಮಿಣ ಗೆರೆ.

ಮನೆಗೆ ಬಂದವರು ಜೋಲುಮುಖ ಹಾಕಿಕೊಂಡು ನನಗೆ ಹೇಳಿದರು: "ಲೇ ಅಳಿಯಾ, ನಾ ಬಸ್ಸಿನಾಗ ನಿಂತು ಹೋದೆ. ಅದು ನನಗಿಂತ ಮೊದಲ ಹೋಗಿ ಕುಂತೈತಿ!"

ಮರುದಿನ ಕಂಪ್ಲಿಯಲ್ಲೂ ಅದೇ ಕಥೆ. ಮಾವ ಸೋತರು. ಸೋತು, ಆ ಅದೃಶ್ಯ ಯಂತ್ರದ ಮೇಲೆ ಭಕ್ತಿ ಹುಟ್ಟಿ, ಮನೆಯ ಪಡಸಾಲೆಯಲ್ಲಿ ಪ್ರವಚನವನ್ನೇ ಆರಂಭಿಸಿದರು. "ಎಲ್ಲಿ ಹೋದ್ರೂ ಬರತೈತಿ. ಲ್ಯಾಪ್‌ಟಾಪಿನಾಗೂ ಬರತೈತಿ. ಜಗತ್ತಿನ ಯಾವ ಮೂಲಿಗೆ ಹೋದ್ರೂ..."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು: "ದರೋಜ್ಯಾಗೂ ಬರತೈತೇನ್ರೀ?"

ಮಾವ ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ.

"ಅಲ್ಲಿ ನೆಟ್‌ವರ್ಕ್ ಸಿಗಂಗಿಲ್ಲ."

"ಸಿಗತೈತಿ ಮಾಮಾ," ಎಂದೆ.

"ಪರದಿ ಬೆಳಕಿಗೆ ಕರಡಿ ಅಂಜತಾವು."

"ನಿಮ್ಮನ್ನ ನೋಡಿ ಅಂಜಲಿಲ್ಲಂದ್ರ ಸಾಕು," ಎಂದರು ಅತ್ತೆ.

ಬಾಡಿಗೆ ಕಾರು ಹೊರಟಿತು. ಹಿಂದೆ ಅತ್ತೆ ಮತ್ತು ನಾನು; ಮುಂದಿನ ಸೀಟಿನಲ್ಲಿ ಮಾವ, ತೊಡೆಯ ಮೇಲೆ ಇಳಕಲ್ ಗವಸು ಹೊದ್ದ ಆಫೀಸಿನ ಲ್ಯಾಪ್‌ಟಾಪು. ವೀಕ್ಷಣಾ ಗೋಪುರ ಹತ್ತಿದವರೇ ನನ್ನ ಮೊಬೈಲಿನಿಂದ ನೆಟ್ ತೆಗೆದುಕೊಂಡು ಆಫೀಸು ತೆರೆದರು. ಎದುರಿಗೆ ಕಾಡು, ಬಂಡೆ, ನವಿಲು; ಮಾವನ ಕಣ್ಣು ಮಾತ್ರ ಹೊಸಪೇಟೆಯ ಗೇಟಿನ ಮೇಲೆ!

ಬಿಸಿಲು ಇಳಿಯಿತು. ಪಕ್ಕದವರೆಲ್ಲ ಒಮ್ಮೆಗೇ ಉಸಿರು ಬಿಗಿಹಿಡಿದರು. ದೂರದ ಬಂಡೆಯ ಮೇಲೆ ಕರಡಿ.

"ಎಲ್ಲ್ರೀ?" ಎಂದರು ಅತ್ತೆ.

"ಅಗೋ, ಆ ದೊಡ್ಡ ಬಂಡೆ ಮ್ಯಾಲ," ಎಂದರು ಮಾವ ಪರದೆಯಿಂದ ಕಣ್ಣು ಕೀಳದೆ.

"ಬಂಡೇನ ಮಸುಕು ಮಸುಕು ಕಾಣತೈತ್ರಿ." ಅತ್ತೆಯ ದನಿಯಲ್ಲಿ ದೂರೇನೂ ಇರಲಿಲ್ಲ. "ಹೋಗ್ಲಿ ಬಿಡ್ರಿ. ಬಂದ್ವಲ್ಲ."

ಮಾವ ಅತ್ತೆಯನ್ನು ನೋಡಿದರು. ಆಮೇಲೆ ಬಂಡೆಯನ್ನು ನೋಡಿದರು. ಲ್ಯಾಪ್‌ಟಾಪನ್ನು ಮಲಗಿಸಲಿಲ್ಲ, ಆರಿಸಲಿಲ್ಲ. ಅರ್ಧ ಹೊಡೆದ ಲಾರಿ ನಂಬರಿನ ಮೇಲೇ ಪಟ್ಟನೆ ಮುಚ್ಚಿ ಪಕ್ಕಕ್ಕಿಟ್ಟರು.

"ಗುಡ್ಡದ ಕಡಿಂದ ಒಂದು ಗಾಡಿ ಇಳೀತು. ದೊಡ್ಡದು. ಟಾರ್ಪಾಲು ಕಪ್ಪು, ಹಳೇದು, ಸುತ್ತ ಜೋತು ಬಿದ್ದೈತಿ."

ಅತ್ತೆ ಕಿಸಕ್ಕನೆ ನಕ್ಕರು.

"ಮ್ಯಾಲ ಲೋಡ್ ಐತಿ. ಎರಡು ಮರಿ ಬೆನ್ನ ಮ್ಯಾಲ ಕುಂತಾವು. ಓವರ್‌ಲೋಡು! ಕೇಸ್ ಹಾಕಬೇಕು."

"ಈಗ ಏನ್ ಮಾಡಾಕತ್ತೈತ್ರಿ?"

"ಬೆಲ್ಲದ ಬಂಡೆಗೆ ಬಂತು. ಅನ್‌ಲೋಡಿಂಗ್ ನಡದೈತಿ. ಒಂದು ಮರಿ ಇಳೀತು. ಇನ್ನೊಂದು ಇಳಿಯಂಗಿಲ್ಲ ಅಂತೈತಿ, ನಿನ್ನಂಗ ಹಟಮಾರಿ. ಹಾಂ, ಹಿಂದ ಇನ್ನೊಂದು ಗಾಡಿ ಬಂತು. ಖಾಲಿ."

ಅಕ್ಕಪಕ್ಕದವರೂ ಕ್ಯಾಮೆರಾ ಇಳಿಸಿ ಕೇಳತೊಡಗಿದರು. ಬಿಸಿಲು ಪೂರ್ತಿ ಆರುವ ಮೊದಲೇ ಕರಡಿಗಳು ಮರಿಗಳನ್ನು ಕಟ್ಟಿಕೊಂಡು ಗುಡ್ಡ ಹತ್ತಿ ಮರೆಯಾದವು. ಜನ ಮೆಟ್ಟಿಲು ಇಳಿದು ಹೋದರು. ಕಾವಲಿನವನು ಕೆಳಗಿನಿಂದ ಸೀಟಿ ಊದಿದ. ನಾನು ಬಂಡೆಯ ಕಡೆ ನೋಡಿದೆ. ಅದು ಬರಿದಾಗಿತ್ತು.

"ಇನ್ನೊಂದು ಬಂತು ನೋಡು," ಎಂದರು ಮಾವ.

ಅತ್ತೆ ಆಗಲೇ ಬಂಡೆಗೆ ಬೆನ್ನು ಹಾಕಿ, ಮಾವನ ಕಡೆ ತಿರುಗಿ ಕುಳಿತಿದ್ದರು.

"ಇದಕ್ಕೂ ಮರಿ ಅದಾವೇನ್ರೀ?"

"ಅದಾವು," ಎಂದರು ಮಾವ ಬರಿಯ ಬಂಡೆಯನ್ನು ದಿಟ್ಟಿಸುತ್ತ. "ಭಾಳ ಅದಾವು. ಕುಂದ್ರು, ಇನ್ನೂ ಬರಾಕತ್ತಾವು."