ಎರಡೂ ಎಡಗಾಲಿನ ಬೂಟು

"ಈ ಸಲ ಬೆಟ್ಟದ ಕೆರೆಗೆ ನಾನೇ ಮೊದಲು! ಗೇಟು ತೆಗೆಯೋ ಕಾವಲುಗಾರನೂ ನನ್ನ ಹಿಂದೆ ಬರಬೇಕು!" ಎಂದು ದೊಡ್ಡ ಸಾಹುಕಾರರು ಅಂಗಡಿಯಲ್ಲಿ ನಿಂತು ಗುಡುಗಿದರು. ಕೇಳಿಸಿಕೊಂಡವರು ಇಬ್ಬರೇ: ಅವರ ಹೆಂಡತಿ ಮತ್ತು ಕರಿಯ ಎಂಬ ನಾಯಿ. ಆದರೆ ಗುಡುಗಿದ್ದು ಅವರಿಬ್ಬರಿಗಲ್ಲ, ಗೋಡೆಗೆ.

ಆ ಗೋಡೆಗೆ ಎಂಟು ತಿಂಗಳ ವಯಸ್ಸು. ಅದರಾಚೆ ಚಿಕ್ಕ ಸಾಹುಕಾರ, ಅಂದರೆ ಒಡಹುಟ್ಟಿದ ತಮ್ಮ. ಗಿರಾಕಿ ಕೂರುವ ಸ್ಟೂಲು ಬಾಗಿಲ ಬಳಿ ಇರಬೇಕೋ, ಕನ್ನಡಿಯ ಬಳಿ ಇರಬೇಕೋ ಎಂಬ ಮಹಾಯುದ್ಧದಲ್ಲಿ ಒಂದು ಬೂಟಿನಂಗಡಿ ಎರಡಾಗಿತ್ತು. ಒಂದೇ ತಾಯಿಯ ಮರಿಗಳಾದ ನಾಯಿಗಳೂ ಪಾಲಾಗಿ, ಕರಿಯ ಈಚೆಗೆ, ಕೆಂಚ ಆಚೆಗೆ. ಅಂದಿನಿಂದ ಕರಿಯ ಗೋಡೆಯ ಬುಡಕ್ಕೆ ಮೂಗಿಟ್ಟೇ ಮಲಗುತ್ತಿತ್ತು. ಸಾಹುಕಾರರು ಮಾನವಂತರು, ಮೂಗಿಡುತ್ತಿರಲಿಲ್ಲ, ಕಿವಿಯಿಡುತ್ತಿದ್ದರು. ಆಚೆ ತಮ್ಮ ಕೆಮ್ಮಿದರೆ ಈಚೆ ಇವರ ಗಂಟಲು ಕೆರೆಯುತ್ತಿತ್ತು.

ಹಿಮ ಕರಗಿ ದಾರಿ ತೆರೆದ ಮೊದಲ ಭಾನುವಾರ ಅಣ್ಣ ತಮ್ಮ ಇಬ್ಬರೂ ನಾಯಿ ಕಟ್ಟಿಕೊಂಡು ಕೆರೆಗೆ ಹೋಗುವುದು ಇಪ್ಪತ್ತು ವರ್ಷದ ವಾಡಿಕೆ. ಈ ವರ್ಷ ಯಾರು ಯಾರನ್ನು ಕರೆಯಬೇಕು?

"ಅವನಿಲ್ಲದಿದ್ರೆ ಏನಂತೆ? ಬೆಟ್ಟಾನೂ ಪಾಲು ತಗೊಂಡು ಹೋದ್ನಾ?"

"ಬೆಟ್ಟ ಇರಲಿ, ಬೂಟು ಎಲ್ಲಿ?" ಎಂದರು ಹೆಂಡತಿ.

ಅಲ್ಲಿತ್ತು ತೊಡಕು. ಯಾವ ಕಳ್ಳನೂ ಒಂಟಿ ಬೂಟು ಕದಿಯುವುದಿಲ್ಲವೆಂದು, ಗಾಜಿನ ಕಪಾಟಿನಲ್ಲಿ ಎಡಗಾಲಿನದನ್ನು ಮಾತ್ರ ಇಡುವುದು ಆ ಅಂಗಡಿಯ ಪದ್ಧತಿ. ಬಲಗಾಲಿನದು ಗೋದಾಮಿನಲ್ಲಿ. ಪಾಲಿನಲ್ಲಿ ಕಪಾಟು ಅಣ್ಣನಿಗೆ ಬಂತು, ಗೋದಾಮು ತಮ್ಮನಿಗೆ ಹೋಯಿತು. ಉಳಿದ ಜೋಡಿಗಳನ್ನೆಲ್ಲ ಹೇಗೋ ಕೂಡಿಸಿಕೊಂಡರು. ಬೆಟ್ಟ ಹತ್ತುವ ಬೂಟಿನ ಸರದಿ ಬರುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಾಗಿತ್ತು.

"ಪಕ್ಕದಂಗಡಿಗೆ ಹೋಗಿ ಬಲಗಾಲಿನದು ಕೇಳಿ. ನಾಲ್ಕೇ ಹೆಜ್ಜೆ."

"ನಾನು ಹೋಗಿ ಕೇಳೋದಾ? ಮೂವತ್ತು ವರ್ಷದಿಂದ ಬೂಟು ಮಾರ್ತಿದೀನಿ ಕಣೇ! ಚರ್ಮ ನಾನು ಹೇಳಿದ ಹಾಗೆ ಕೇಳತ್ತೆ!"

"ಬೂಟಿನ ಚರ್ಮಾನೋ, ನಿಮ್ಮದೋ?"

ಉತ್ತರ ಬೆಟ್ಟದ ಮೇಲೆ ಸಿಕ್ಕಿತು. ಕಪ್ಪು ಎಡಗಾಲಿನದನ್ನು ಎಡಗಾಲಿಗೂ, ಕಂದು ಎಡಗಾಲಿನದನ್ನು ಬಲಗಾಲಿಗೂ ಏರಿಸಿ ಹೊರಟ ಸಾಹುಕಾರರ ಬಲಗಾಲು ಪ್ರತಿ ಹೆಜ್ಜೆಗೂ ಎಡಕ್ಕೆ ಎಳೆಯಿತು. ಗಿರಾಕಿಗಳಿಗೆ "ಎರಡು ದಿನ ಹಾಕಿ, ಸಡಿಲ ಆಗತ್ತೆ" ಎಂದು ತಾವು ಹೇಳಿದ್ದೆಲ್ಲ ಒಂದೊಂದಾಗಿ ಹಿಮ್ಮಡಿಗೆ ಚುಚ್ಚಿತು!

"ಕುಂಟ್ತಿದೀರಾ?" ಎಂದರು ಜೊತೆಗೆ ಬರುತ್ತಿದ್ದ ಹೆಂಡತಿ.

"ಇಲ್ಲಪ್ಪ. ನೋಟ ಸವೀತಾ ನಿಧಾನವಾಗಿ ನಡೀತಿದೀನಿ."

ನೋಟವೇನೋ ಇತ್ತು, ಸವಿಯುವುದು ಕಷ್ಟವಾಗಿತ್ತು. ಈ ತಿರುವಿನಲ್ಲಿ ತಮ್ಮ ಪ್ರತಿವರ್ಷ ಹಿಮದುಂಡೆ ಕಟ್ಟಿ ಅಣ್ಣನ ಕಾಲರಿನೊಳಗೆ ಹಾಕುತ್ತಿದ್ದ. ಸಾಹುಕಾರರು ಅಲ್ಲಿ ಒಂದು ಕ್ಷಣ ಬೆನ್ನು ತಿರುಗಿಸಿ ನಿಂತರು. ಯಾರೂ ಹಾಕಲಿಲ್ಲ. ಕುತ್ತಿಗೆ ಅಷ್ಟು ಬೆಚ್ಚಗಿದ್ದದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಅದೇಕೋ ಹಿತವೆನಿಸಲಿಲ್ಲ.

ಅಷ್ಟರಲ್ಲಿ ಕರಿಯ ಮೂಗೆತ್ತಿ ಗಾಳಿ ಹೀರಿತು. ಮರುಕ್ಷಣ ಹಗ್ಗದ ಸಮೇತ ನೆಗೆಯಿತು! ಹಗ್ಗದ ತುದಿಯಲ್ಲಿದ್ದ ಸಾಹುಕಾರರು ಅರ್ಧ ಫರ್ಲಾಂಗು ಓಡಿ, ಕಾಲು ಫರ್ಲಾಂಗು ಜಾರಿ, ಕೆರೆಯ ದಂಡೆಯ ಕೆಸರಿನಲ್ಲಿ ಮಂಡಿಯೂರಿ ನಿಂತರು. ಕೆರೆಯ ನಡುವೆ ಇನ್ನೂ ಮಂಜುಗಡ್ಡೆ. ದಂಡೆಯಲ್ಲಿ ಕರಿಯ ಮತ್ತು ಕೆಂಚ ಒಂದರ ಮೇಲೊಂದು ಹೊರಳಾಡುತ್ತಿದ್ದವು. ಪಕ್ಕದ ಬಂಡೆಯ ಮೇಲೆ ತಮ್ಮ.

ನಾಯಿಗಳಿಗೆ ಮಾನಮರ್ಯಾದೆ ಇಲ್ಲ ನೋಡಿ, ಎಂಟು ತಿಂಗಳ ಮುನಿಸನ್ನು ಎಂಟು ಕ್ಷಣದಲ್ಲಿ ಮುಗಿಸಿಬಿಟ್ಟವು! ಮನುಷ್ಯರು ಕೆರೆ ನೋಡುತ್ತ ನಿಂತರು. ಕೊನೆಗೆ ತಮ್ಮನೇ ಚೀಲದಿಂದ ಒಂದು ಬೂಟು ತೆಗೆದು ಬಂಡೆಯ ಮೇಲಿಟ್ಟ. ಬಲಗಾಲಿನದು. ಒಂಬತ್ತನೇ ನಂಬರು.

"ನಾನು ಕೊಂಡ್ಕೊಳ್ಳಲ್ಲ," ಎಂದರು ಅಣ್ಣ.

"ನಾನೂ ಮಾರ್ತಿಲ್ಲ."

"ಮತ್ತೆ ಇಲ್ಲೀವರೆಗೆ ಹೊತ್ಕೊಂಡು ಬಂದಿದ್ದು?"

"ಅಂಗಡಿಗೇ ತಂದುಕೊಡೋಣ ಅಂತ ಮೂರು ಸಲ ಹೊರಟೆ. ನಾಲ್ಕು ಹೆಜ್ಜೆ ದೂರ ಅಣ್ಣ, ಆಗಲಿಲ್ಲ."

ಸಾಹುಕಾರರು ಬಲಗಾಲಿನ ಕಂದು ಬೂಟು ಕಿತ್ತರು. ಬಂಡೆಯ ಮೇಲಿನ ಬೂಟು ಎಳೆದುಕೊಂಡು ಕಾಲು ತೂರಿಸಿದರು. ಹೋಗಲಿಲ್ಲ! ಬಾತ ಕಾಲಿಗೆ ಈಗ ಹನ್ನೊಂದನೇ ನಂಬರೂ ಸಾಲದು. ತಮ್ಮನು ತನ್ನ ಮಫ್ಲರು ಬಿಚ್ಚಿ, ಆ ಕಾಲಿಗೆ ಸುತ್ತಿ ಕಟ್ಟಿ, ಹೆಗಲು ಕೊಟ್ಟ.

ಹೆಗಲ ಮೇಲೆ ಕೈ ಬಿದ್ದದ್ದೇ ತಡ, ಅಣ್ಣನ ಕುಂಟು ಇಮ್ಮಡಿಯಾಯಿತು. ಇಳಿಜಾರಿನಲ್ಲಿ ಕುಂಟಿದರು, ಸಮತಟ್ಟಿನಲ್ಲಿ ಕುಂಟಿದರು. ಅರ್ಧ ದಾರಿಯಲ್ಲೇ ನೋವು ಇಳಿದಿತ್ತು, ಆದರೂ ಕುಂಟಿದರು. ಆ ಹೆಗಲು ಒಂದಿಷ್ಟು ಇಳಿದು ಹೋಗಿದೆಯೆಂದು ಅವರಿಗೆ ಕೈಯಲ್ಲೇ ತಿಳಿಯಿತು. ಎಂಟು ತಿಂಗಳಿಂದ ಇವನು ಸರಿಯಾಗಿ ಉಂಡಿದ್ದಾನೋ ಇಲ್ಲವೋ.

ಗೇಟು ದಾಟಿದ ಮೇಲೆ, ಹಿಂದೆ ಎರಡೂ ನಾಯಿ ಹಿಡಿದು ಬರುತ್ತಿದ್ದ ಹೆಂಡತಿ ತಟ್ಟನೆ ನಿಂತರು.

"ರೀ! ಮೇಲೆ ಬಲಗಾಲು ಕುಂಟ್ತಿತ್ತು. ಈಗ ಎಡಗಾಲು ಕುಂಟ್ತಿದೆಯಲ್ಲ!"

ದೊಡ್ಡ ಸಾಹುಕಾರರು ಬೆಟ್ಟದಷ್ಟೇ ತಣ್ಣಗಾದರು. ಹೆಗಲಿನಿಂದ ಕೈ ತೆಗೆಯಹೊರಟರು. ತಮ್ಮ ಆ ಕೈಯನ್ನು ಹಿಡಿದು ಸ್ವಸ್ಥಾನದಲ್ಲೇ ಇಟ್ಟುಕೊಂಡ.

"ಸುಮ್ನಿರಿ ಅತ್ತಿಗೆ," ಎಂದ. "ಕಾಲು ಬದಲಾಗಿ ಆಗಲೇ ಅರ್ಧ ಗಂಟೆ ಆಯ್ತು. ಬಸ್ಸು ನಿಲ್ಲೋ ಜಾಗ ಇನ್ನೂ ದೂರ ಇದೆ."